ಅಮ್ಮನ ಒಟಿಪಿ ಮಗಳ ಕೈಯಲ್ಲಿ

ಜುಲೈ ತಿಂಗಳ ಪಿಟಿಎ ಸಭೆ. ಹೊರಗೆ ಜಡಿಮಳೆ. ಹಂಚಿನ ಮಾಡಿನ ಮೇಲೆ ಬೀಳುವ ನೀರಿನ ಸದ್ದಿಗೆ ಹೆಡ್‌ಮಾಸ್ಟ್ರು ಹೇಳಿದ್ದು ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಸಭೆ ಮುಗಿದು ಎಲ್ಲರೂ ತಮ್ಮ ತಮ್ಮ ಕೊಡೆ ಹುಡುಕುತ್ತಿರುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಅಪ್ಪ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅಡಿಕೆ ತೋಟದಿಂದ ನೇರವಾಗಿ ಬಂದವರು, ಪಂಚೆಯ ಅಂಚಿನಲ್ಲಿ ಕೆಸರು ಹಾಗೇ ಇತ್ತು. ಉಳಿದವರು ಹೊರಡುವವರೆಗೆ ಕಾದು, ದನಿ ತಗ್ಗಿಸಿ ಕೇಳಿದರು: "ಟೀಚರೇ, ಮಗಳ ವಾಟ್ಸಾಪ್ ನನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡ್ಲಿಕ್ಕೆ ಆಗ್ತದಂತೆ. ಅವಳಿಗೆ ಗೊತ್ತಾಗದ ಹಾಗೆ. ಅದು ಹೇಗೆ?"

ಆಗುತ್ತದೆ. ವಾಟ್ಸಾಪಿನಲ್ಲೇ ಅದಕ್ಕೆ ದಾರಿ ಉಂಟು. ಲಿಂಕ್ಡ್ ಡಿವೈಸಸ್ ಎನ್ನುವಲ್ಲಿ ಹೋಗಿ ಒಂದು ಕೋಡನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ನಾನು ಹೇಳಿಕೊಡಲಿಲ್ಲ. ಹಾಗೆಂದು "ಅದು ತಪ್ಪು" ಎಂದು ಉಪದೇಶ ಮಾಡಿ ಕಳಿಸುವುದಕ್ಕೂ ಬಾಯಿ ಬರಲಿಲ್ಲ. ಆ ಮನುಷ್ಯನ ಹೆದರಿಕೆ ಸುಳ್ಳಲ್ಲ. ಫೋನಿನ ಮೂಲಕ ಮಕ್ಕಳಿಗೆ ಏನೇನಾಗಬಹುದು ಎಂಬುದನ್ನು ಸ್ಟಾಫ್ ರೂಮಿನಲ್ಲಿ ನಾವೂ ಕೇಳುತ್ತಿರುತ್ತೇವೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಕಾನೂನು, ತಂತ್ರಜ್ಞಾನ ಮತ್ತು ನಮ್ಮ ಕಾಸರಗೋಡಿನ ಕನ್ನಡ ಮನೆಗಳ ಒಳಗಿನ ಸ್ಥಿತಿ, ಈ ಮೂರನ್ನೂ ಒಟ್ಟಿಗೆ ನೋಡಬೇಕು. ಬರಿಯ ಕಾನೂನು ಓದಿದರೆ ಅರ್ಧ ಮಾತ್ರ ಸಿಗುತ್ತದೆ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು, ಪುಟ್ಟಸ್ವಾಮಿ ಪ್ರಕರಣದಲ್ಲಿ. ಮಕ್ಕಳಿಗೂ ಖಾಸಗಿತನ ಉಂಟು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಅದಕ್ಕಿಂತ ಬಹಳ ಮೊದಲೇ, 1989ರಲ್ಲಿ ತನ್ನ 16ನೆಯ ವಿಧಿಯಲ್ಲಿ ಹೇಳಿತ್ತು. ಭಾರತ ಆ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡಿದೆ. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ 9ನೆಯ ಸೆಕ್ಷನ್ ಪ್ರಕಾರ 18 ತುಂಬದವರ ಮಾಹಿತಿಯನ್ನು ಯಾವ ಕಂಪನಿ ಬಳಸುವುದಿದ್ದರೂ ಅಪ್ಪ ಅಥವಾ ಅಮ್ಮನ ಒಪ್ಪಿಗೆ ಬೇಕು, ಅದೂ ಪರಿಶೀಲಿಸಿ ನೋಡಬಹುದಾದ ಒಪ್ಪಿಗೆ. ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆಯನ್ನು ಗಮನಿಸುವುದು, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸುವುದು ಕಂಪನಿಗಳಿಗೆ ನಿಷಿದ್ಧ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮಕ್ಕಳಿಗೆ ಸಂಬಂಧಿಸಿದ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ.

ಇಷ್ಟನ್ನು ಕೇಳಿದವರು ಮಕ್ಕಳ ಖಾಸಗಿತನಕ್ಕೆ ಭದ್ರವಾದ ಬೇಲಿ ಬಿತ್ತು ಎಂದುಕೊಳ್ಳಬಹುದು. ಆದರೆ ಅದೇ ಕಾಯ್ದೆಯ 3ನೆಯ ಸೆಕ್ಷನ್ ನೋಡಬೇಕು. ವ್ಯಕ್ತಿಯೊಬ್ಬರು ತಮ್ಮ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎಂದರೆ ಕಾಯ್ದೆ ಮಗುವನ್ನು ಕಾಯುವುದು ಕಂಪನಿಯಿಂದ. ಅಪ್ಪ ಅಮ್ಮ ಮಗುವಿನ ಫೋನಿನಲ್ಲಿ ಏನು ನೋಡಬಹುದು, ಎಷ್ಟು ನೋಡಬಹುದು ಎಂಬ ಬಗ್ಗೆ ಅದು ಮಾತೇ ಆಡುವುದಿಲ್ಲ. ಮನೆಯ ಹೊಸ್ತಿಲಿನಲ್ಲಿ ಕಾನೂನು ನಿಂತುಬಿಡುತ್ತದೆ. ಅದು ಸರಿಯೂ ಹೌದು, ಪ್ರತಿ ಮನೆಯ ಚಾವಡಿಗೆ ಸರಕಾರ ಬಂದು ಕೂರುವುದು ನನಗೂ ಬೇಡ. ಆದರೆ ಹೊಸ್ತಿಲಿನ ಒಳಗಿನ ತೀರ್ಮಾನ ಪೂರ್ತಿ ನಮ್ಮ ತಲೆಯ ಮೇಲೆ ಬಿತ್ತು ಎಂಬುದೂ ಅಷ್ಟೇ ನಿಜ.

ಈಗ ಹೊಸ್ತಿಲಿನ ಒಳಗೆ ಬರೋಣ. ಕಾನೂನು ಬರೆದವರ ಕಣ್ಣ ಮುಂದೆ ಇದ್ದ ಮನೆಯಲ್ಲಿ ದೊಡ್ಡವರಿಗೆ ಫೋನು ಗೊತ್ತು, ಮಗು ಕಲಿಯುತ್ತಿದೆ. ನಮ್ಮಲ್ಲಿ ಹಲವು ಮನೆಗಳಲ್ಲಿ ಅದು ತಲೆಕೆಳಗು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಅಪ್ಪ ಅಮ್ಮ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಷ್ಟೋ ಜನರಿಗೆ ಮಲಯಾಳ ಮಾತಾಡಲು ಬಂದರೂ ಓದಲು ಬಾರದು. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಸಂದೇಶ ಬರುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಪಂಚಾಯತಿನ ಗುಂಪಿನಲ್ಲಿ ಬೀಳುವ ನೋಟೀಸು ಮಲಯಾಳದಲ್ಲಿ. ಅದನ್ನು ಓದಿ ಹೇಳುವವರು ಯಾರು? ಮಗಳು. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಿಂದ ಬಂದ ಒಟಿಪಿಯನ್ನು ಓದಿ ಹೇಳುವವಳು ಅವಳು. ಅಮ್ಮನಿಗೆ ಜಿಮೇಲ್ ಮಾಡಿಕೊಟ್ಟವಳು ಅವಳು, ಅದರ ಪಾಸ್‌ವರ್ಡ್ ನೆನಪಿರುವುದೂ ಅವಳಿಗೇ.

ಇದನ್ನು ಹತ್ತಿರದಿಂದ ನೋಡಿದ ಒಂದು ಸಂದರ್ಭ ಹೇಳುತ್ತೇನೆ. ಸ್ಕಾಲರ್‌ಶಿಪ್ ಅರ್ಜಿಯ ವಿಷಯಕ್ಕೆ ಒಬ್ಬ ಹುಡುಗನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದರು, ಕೈ ತುಂಬ ಸಿಪ್ಪೆಯ ಕರೆ. ಪಕ್ಕದಲ್ಲಿ ಅವರ ಫೋನು ಟಿಣ್ ಎಂದಿತು. ಮುಟ್ಟಲು ಕೈ ಚೊಕ್ಕ ಇಲ್ಲವೆಂದು "ನೋಡು ಮಗಾ, ಎಂತ ಬಂತು" ಎಂದರು. ಎಂಟನೆಯ ತರಗತಿಯ ಹುಡುಗ ಬಂದ, ಅಮ್ಮನ ಫೋನನ್ನು ತನ್ನ ಬೆರಳು ಒತ್ತಿ ತೆರೆದ. ಅಮ್ಮನ ಫೋನಿಗೆ ಮಗನ ಬೆರಳಚ್ಚು! ಆರಂಕಿಯ ಸಂಖ್ಯೆ ಬಂದಿತ್ತು. "ಎಂತ ಇಲ್ಲ, ಕಂಪನಿಯದ್ದು" ಎಂದು ಹೇಳಿ ಒಳಗೆ ಹೋದ. ಅದು ಯಾವ ಕಂಪನಿಯದ್ದು, ಯಾವುದಕ್ಕೆ ಎಂದು ಅಮ್ಮ ಕೇಳಲಿಲ್ಲ. ಕೇಳಿದ್ದರೂ ಅವನು ಹೇಳಿದ್ದನ್ನೇ ನಂಬಬೇಕಿತ್ತು. ನಾಳೆ ಈ ಮನೆಗೆ "ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ" ಕೇಳಿ ಸಂದೇಶ ಬಂದರೆ ಒಪ್ಪಿಗೆ ಕೊಡುವವನು ಅದೇ ಹುಡುಗ. ಡಿಜಿಲಾಕರಿನ ಮೂಲಕ ಪೋಷಕರ ಗುರುತನ್ನು ಖಚಿತಪಡಿಸಬಹುದು ಎಂದು ನಿಯಮಗಳಲ್ಲಿ ಇದೆ. ಅಮ್ಮನ ಡಿಜಿಲಾಕರ್ ತೆರೆದುಕೊಟ್ಟವನೂ ಅವನೇ ಆಗಿದ್ದರೆ?

ಇದು ಆದದ್ದು ಮಕ್ಕಳ ಕಳ್ಳತನದಿಂದ ಅಲ್ಲ. 2020ರ ಜೂನಿನಲ್ಲಿ ಕೇರಳದಲ್ಲಿ ಫಸ್ಟ್ ಬೆಲ್ ಆನ್‌ಲೈನ್ ತರಗತಿಗಳು ಶುರುವಾದವು, ಕನ್ನಡ ಮಾಧ್ಯಮದ ಪಾಠಗಳೂ ಬಂದವು. ಆವರೆಗೆ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರೂ ಸಾಲ ಮಾಡಿ, ದಾನಿಗಳನ್ನು ಹುಡುಕಿ ಮಕ್ಕಳ ಕೈಗೆ ಫೋನು ಕೊಟ್ಟರು. ಕೊಡಿ ಎಂದು ಹೇಳಿದ್ದು ನಾವೇ, ಮೇಷ್ಟ್ರುಗಳು. ಎಷ್ಟೋ ಮನೆಗಳಿಗೆ ಫೋನು ಬಂದದ್ದೇ ಮಗುವಿನ ಹೆಸರಿನಲ್ಲಿ, ದೊಡ್ಡವರು ಅದನ್ನು ಮಗುವಿನಿಂದ ಕಲಿತರು. ಹೀಗಿರುವಾಗ ಕದ್ದು ನಿಗಾ ಇಡುತ್ತೇನೆ ಎಂದು ಹೊರಡುವ ಅಪ್ಪ, ಬೀಗದ ಕೈ ಮಾಡಿದವನಿಗೇ ಬೀಗ ಹಾಕಲು ಹೊರಟ ಹಾಗೆ. ಲಿಂಕ್ ಮಾಡಿದ ಫೋನುಗಳ ಪಟ್ಟಿ ಮಗಳ ವಾಟ್ಸಾಪಿನಲ್ಲಿ ಅವಳಿಗೆ ಕಾಣುತ್ತದೆ. ಒಂದು ವಾರದೊಳಗೆ ಅವಳು ನೋಡುತ್ತಾಳೆ, ಏನೂ ಹೇಳದೆ ಇನ್ನೊಂದು ಆ್ಯಪಿಗೆ ಹೋಗುತ್ತಾಳೆ. ಅಪ್ಪನ ಪರದೆಯಲ್ಲಿ ಆಮೇಲೆ ಬರುವುದು ಶಾಲೆಯ ಗುಂಪಿನ ಹೋಂವರ್ಕ್ ಮಾತ್ರ. ಅವರು ಸಮಾಧಾನವಾಗಿ ಮಲಗುತ್ತಾರೆ. ನನಗೆ ಅತಿ ಅಪಾಯವೆಂದು ಕಾಣುವುದು ಆ ಸಮಾಧಾನವೇ.

ವಾಟ್ಸಾಪನ್ನು ಬಿಟ್ಟು ಮುಂದಕ್ಕೆ ಹೋಗುವವರೂ ಇದ್ದಾರೆ. ಗಲ್ಫಿನಲ್ಲಿ ದುಡಿಯುವ ಅಪ್ಪಂದಿರು ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದಾರೆಂದು ಹೇಳಬೇಕಾಗಿಲ್ಲ. ಮಗ ಎಲ್ಲಿದ್ದಾನೆ, ಯಾರೊಂದಿಗೆ ಮಾತಾಡುತ್ತಾನೆ ಎಂದು ದೂರದಿಂದ ತಿಳಿಯುವ ಆಸೆ ಅವರಿಗೆ ಸಹಜ. ಅಂಥವರಿಗೆ ಸುಲಭವಾಗಿ ಸಿಗುವುದು ಗುಪ್ತ ನಿಗಾ ಆ್ಯಪುಗಳ ಜಾಹೀರಾತು. ಇವು ಕೆಲಸ ಮಾಡುವ ರೀತಿ ತಿಳಿದಿರಲಿ. ಪ್ಲೇ ಸ್ಟೋರಿನಲ್ಲಿ ಇಂಥವನ್ನು ಗೂಗಲ್ 2020ರಿಂದ ಬಿಗಿ ಮಾಡಿದೆ. ಮಕ್ಕಳ ಮೇಲಿನ ನಿಗಾ ಆ್ಯಪು ಇರಬಹುದು, ಆದರೆ ಅದು ತಾನು ಓಡುತ್ತಿದ್ದೇನೆ ಎಂಬ ಸೂಚನೆಯನ್ನು ಫೋನಿನಲ್ಲಿ ಸದಾ ತೋರಿಸಬೇಕು, ಗೂಢಚಾರಿಕೆಗೆಂದು ಮಾರಬಾರದು. ಹಾಗಾಗಿ ಗುಪ್ತವಾದವು ಬರುವುದು ಹೊರಗಿನಿಂದ, ಪ್ಲೇ ಸ್ಟೋರಿಲ್ಲದೆ ನೇರವಾಗಿ ಹಾಕುವ ಎಪಿಕೆ ಫೈಲಾಗಿ. ಅದನ್ನು ಹಾಕಬೇಕಾದರೆ ಫೋನಿನ ಪ್ಲೇ ಪ್ರೊಟೆಕ್ಟ್ ಕಾವಲನ್ನು ಆರಿಸಬೇಕು, ಅಪರಿಚಿತ ಮೂಲಕ್ಕೆ ಅನುಮತಿ ಕೊಡಬೇಕು, ಆಮೇಲೆ ಆಕ್ಸೆಸಿಬಿಲಿಟಿ ಎಂಬ ಅನುಮತಿ. ದೃಷ್ಟಿದೋಷ ಮುಂತಾದ ತೊಂದರೆ ಇರುವವರಿಗಾಗಿ ಮಾಡಿದ ಸೌಕರ್ಯ ಅದು, ಪರದೆಯ ಮೇಲಿನದ್ದನ್ನೆಲ್ಲ ಓದಬಲ್ಲುದು. ಬ್ಯಾಂಕಿನ ಹಣ ಕದಿಯುವ ವಂಚಕರ ಆ್ಯಪುಗಳೂ ಕೇಳುವುದು ಅದೇ ಅನುಮತಿಯನ್ನು.

ಮಗನ ಫೋಟೋ, ಸಂದೇಶ, ಓಡಾಟ ಎಲ್ಲವೂ ಆಮೇಲೆ ಹೋಗಿ ಕೂರುವುದು ಎಲ್ಲೋ ಒಂದು ದೇಶದ ಸರ್ವರಿನಲ್ಲಿ. ಈ ಬಗೆಯ ಆ್ಯಪುಗಳಲ್ಲಿ ಹೆಸರುವಾಸಿಯಾದ ಎಂಸ್ಪೈಯ ಮಾಹಿತಿ 2015ರಲ್ಲಿ, 2018ರಲ್ಲಿ, ಮತ್ತೆ 2024ರಲ್ಲಿ ಸೋರಿಹೋದದ್ದು ಸುದ್ದಿಯಾಗಿತ್ತು. ಮಗುವನ್ನು ಅಪರಿಚಿತರಿಂದ ಕಾಯಲೆಂದು ಹಾಕಿದ್ದು ಮಗುವಿನ ಬದುಕನ್ನೇ ಅಪರಿಚಿತರ ಮುಂದೆ ಹರಡಿತು. ಇಂಥ ಆ್ಯಪನ್ನು ಯಾರೂ ಹಾಕಬಾರದು ಎಂಬಲ್ಲಿ ನನಗೆ ಎರಡು ಮಾತಿಲ್ಲ.

ಅಪಾಯ ಬರುವುದು ಯಾವ ದಾರಿಯಲ್ಲಿ ಎಂದು ಗೊತ್ತಿದ್ದರೆ ನಿಗಾದ ಅಳತೆಯೂ ಗೊತ್ತಾಗುತ್ತದೆ. ಹತ್ತಿರಹತ್ತಿರ ಒಂದೇ ಕ್ರಮ. ಇನ್‌ಸ್ಟಾಗ್ರಾಂನಲ್ಲೋ ಆಟದ ಚಾಟಿನಲ್ಲೋ ಒಂದು ಪರಿಚಯ, ಪ್ರಾಯ ಮಗುವಿನದ್ದೇ ಎಂದು ಹೇಳಿಕೊಂಡಿರುತ್ತದೆ. ಎರಡು ದಿನ ಹೊಗಳಿಕೆ. ಆಮೇಲೆ ಬೇರೆ ಆ್ಯಪಿಗೆ ಬಾ ಎಂಬ ಕರೆ, ಅಲ್ಲಿ ಫೋಟೋ ಅಥವಾ ವಿಡಿಯೋ ಕಾಲು. ಅದನ್ನು ಉಳಿಸಿಟ್ಟುಕೊಂಡ ಮೇಲೆ ದನಿ ಬದಲಾಗುತ್ತದೆ: ಹಣ ಕಳಿಸು, ಇಲ್ಲದಿದ್ದರೆ ನಿನ್ನ ಫ್ರೆಂಡ್ಸ್ ಲಿಸ್ಟಿಗೆಲ್ಲ ಕಳಿಸುತ್ತೇನೆ. ಹುಡುಗರೂ ಇದಕ್ಕೆ ಬೀಳುತ್ತಾರೆ. ನಮ್ಮ ಪೋಷಕರ ಹೆದರಿಕೆ ಮಾತ್ರ ಹುಡುಗಿಯರ ಸುತ್ತಲೇ ಸುತ್ತುತ್ತದೆ, ಹುಡುಗನ ಫೋನನ್ನು ನೋಡಬೇಕೆಂದು ಯಾರೂ ಬಂದು ನನ್ನಲ್ಲಿ ಕೇಳಿದ್ದಿಲ್ಲ.

ಈ ಕ್ರಮದಲ್ಲಿ ಮಗುವನ್ನು ಉಳಿಸಬಲ್ಲ ಒಂದು ಗಳಿಗೆ ಉಂಟು. ಮೊದಲ ಬೆದರಿಕೆ ಬಂದ ಗಳಿಗೆ. ಆಗ ಮಗು ಬಂದು ದೊಡ್ಡವರೊಬ್ಬರಲ್ಲಿ ಹೇಳಿದರೆ ಮುಂದಿನದ್ದು ನಿಲ್ಲುತ್ತದೆ. ಯಾಕೆ ಹೇಳುವುದಿಲ್ಲ ಎಂದು ಮಕ್ಕಳನ್ನೇ ಕೇಳಿದ್ದೇನೆ. "ಫೋನ್ ತೆಗೀತಾರೆ ಟೀಚರ್" ಎಂಬುದು ಮೊದಲ ಉತ್ತರ. ಎರಡನೆಯದು, ತುಂಬ ಹೊತ್ತಿನ ನಂತರ ಒಬ್ಬಳು ಹೇಳಿದ್ದು: "ಅಮ್ಮ ಚಿಕ್ಕಮ್ಮನಿಗೆ ಹೇಳ್ತಾರೆ." ಅವಳ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ಮನೆಯವರು ಓದಿದ್ದು ಮನೆಯಲ್ಲಿ ಉಳಿಯುವುದಿಲ್ಲ ಎಂಬುದು ಮಕ್ಕಳಿಗೆ ಗೊತ್ತು. ಮಗಳ ಚಾಟಿನ ಒಂದು ಸ್ಕ್ರೀನ್‌ಶಾಟು ಕುಟುಂಬದ ಗುಂಪಿಗೆ ಹೋಗಿ, ಅಲ್ಲಿಂದ ಊರಿನ ಗುಂಪಿಗೆ ಹೋಗಿ, ಸಂಬಂಧವೇ ಇಲ್ಲದವರು ಅವಳ ಕಾಲೇಜಿನ ಬಸ್ಸಿನಲ್ಲಿ ಬುದ್ಧಿ ಹೇಳಲು ಬರುವಷ್ಟು ದೂರ ಹೋಗಬಹುದು. ಕರಾವಳಿಯವರಿಗೆ ನಾನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಖಾಸಗಿತನ ಎಂದರೆ ಪಟ್ಟಣದವರ ಫ್ಯಾಶನ್ನಿನ ಮಾತು ಎಂದುಕೊಳ್ಳುವವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನೋಡಿದ ಅಪ್ಪ ಅಮ್ಮ ಬಾಯಿ ಮುಚ್ಚಿಟ್ಟುಕೊಳ್ಳುತ್ತಾರೆ ಎಂಬ ನಂಬಿಕೆ ಇದ್ದರೆ ಮಾತ್ರ ಮಗು ತಾನಾಗಿ ಫೋನನ್ನು ತಂದು ಕೈಗೆ ಕೊಡುತ್ತದೆ.

ಇನ್ನೊಂದು ಕಡೆ, ನಾವು ಸಂತೋಷದಿಂದಲೇ ಮಾಡುವ ತಪ್ಪುಂಟು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪೇಟೆಯ ತಿರುವುಗಳಲ್ಲೆಲ್ಲ ಫುಲ್ ಎ ಪ್ಲಸ್ ಮಕ್ಕಳ ಫ್ಲೆಕ್ಸು ಏಳುತ್ತದೆ. ಮುಖ, ಹೆಸರು, ಶಾಲೆ, ಕೆಲವೊಮ್ಮೆ ಮನೆಯ ಹೆಸರೂ. ಅದರ ಫೋಟೋ ಫೇಸ್‌ಬುಕ್ಕಿಗೆ. ಅಪರಿಚಿತನೊಬ್ಬ ನಕಲಿ ಪರಿಚಯ ಹೆಣೆಯಲು ಇದಕ್ಕಿಂತ ಹೆಚ್ಚು ಏನು ಬೇಕು? ನಮ್ಮ ಶಾಲೆಯ ಫ್ಲೆಕ್ಸಿಗೆ ನಾನೇ ಫೋಟೋ ಆರಿಸಿ ಕೊಟ್ಟಿದ್ದೇನೆ, ಮಕ್ಕಳಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಕಳೆದ ಬಾರಿ ಇಬ್ಬರು ಬೇಡವೆಂದರು.

ಪ್ರಾಯ ಏರಿದ ಹಾಗೆ ನಿಗಾ ಇಳಿಯಬೇಕು ಎಂಬುದು ನನ್ನ ನಿಲುವು. ಕಿರಿಯ ಪ್ರಾಥಮಿಕದ ಮಗುವಿಗೆ ಸ್ವಂತ ಫೋನು ಬೇಡವೇ ಬೇಡ, ಚಾವಡಿಯಲ್ಲಿ ಎಲ್ಲರ ಎದುರು ಅಮ್ಮನ ಫೋನು ನೋಡಿದರೆ ಸಾಕು. ಆ ಪ್ರಾಯಕ್ಕೆ ಖಾಸಗಿತನದ ಚರ್ಚೆಯೇ ಏಳುವುದಿಲ್ಲ. ಕಷ್ಟ ಇರುವುದು ಹನ್ನೊಂದರಿಂದ ಹದಿನೈದರವರೆಗೆ. ಆಗ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಂಥದ್ದು ಉಪಯೋಗಕ್ಕೆ ಬರುತ್ತದೆ. ಯಾವ ಆ್ಯಪು ಬೇಕು ಬೇಡ, ದಿನಕ್ಕೆ ಎಷ್ಟು ಹೊತ್ತು, ಫೋನು ಎಲ್ಲಿದೆ ಎಂಬುದಷ್ಟೇ ದೊಡ್ಡವರ ಕೈಗೆ ಬರುತ್ತದೆ. ಸಂದೇಶಗಳನ್ನು ಅದು ಓದಿಸುವುದಿಲ್ಲ, ನಿಗಾ ಇರುವುದು ಮಗುವಿಗೂ ಗೊತ್ತಿರುತ್ತದೆ. ಇನ್‌ಸ್ಟಾಗ್ರಾಂನ ಟೀನ್ ಅಕೌಂಟ್ 2024ರಲ್ಲಿ ಶುರುವಾದದ್ದು, ಭಾರತಕ್ಕೆ 2025ರಲ್ಲಿ ಬಂತು. ಅದರಲ್ಲಿ ಮಗು ಕಳೆದ ಏಳು ದಿನಗಳಲ್ಲಿ ಯಾರಿಗೆ ಸಂದೇಶ ಕಳಿಸಿದೆ ಎಂದು ಪೋಷಕರಿಗೆ ಕಾಣಬಹುದು, ಏನು ಬರೆದಿದೆ ಎಂದು ಕಾಣುವುದಿಲ್ಲ. ಈ ಗೆರೆ ನನಗೆ ಸರಿಯೆನಿಸುತ್ತದೆ. ಮಗಳು ಯಾರ ಮನೆಗೆ ಹೋದಳು ಎಂದು ಕೇಳುವ ಅಮ್ಮ ಕಿಟಕಿಯ ಹತ್ತಿರ ನಿಂತು ಅಲ್ಲಿನ ಮಾತು ಕೇಳಿಸಿಕೊಳ್ಳುವುದಿಲ್ಲವಲ್ಲ. ಆದರೆ ಮಗು ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಇದೆಲ್ಲ ವ್ಯರ್ಥ. ಹಾಗಾಗಿ ಮೊದಲ ಕೆಲಸ ಮಗುವಿನ ಪಕ್ಕ ಕೂತು ಆ ಇಸವಿಯನ್ನು ಸರಿಮಾಡುವುದು. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16ರ ಒಳಗಿನವರಿಗೆ ಸೋಶಿಯಲ್ ಮೀಡಿಯಾವನ್ನೇ ನಿಲ್ಲಿಸಿದೆ. ಅಮ್ಮನ ಬೀಗ ಮಗನ ಬೆರಳಿಗೆ ತೆರೆಯುವ ಮನೆಗಳಲ್ಲಿ ಅಂಥ ನಿಷೇಧ ಎಷ್ಟು ದಿನ ನಿಂತೀತೋ.

ಪ್ಲಸ್ ಟು ಮುಗಿಸಿ ಮಂಗಳೂರಿಗೋ ಪುತ್ತೂರಿಗೋ ಹಾಸ್ಟೆಲಿಗೆ ಹೋಗುವ ಮಕ್ಕಳ ಮಾತು ಬೇರೆ. 2019ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಕೋಯಿಕ್ಕೋಡು ಕಡೆಯ ಕಾಲೇಜಿನ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಫೋನು ಬಳಸಬಾರದೆಂಬ ನಿಯಮ. ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ್ದರು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಭಾಗ ಎಂದು ನ್ಯಾಯಮೂರ್ತಿ ಪಿ.ವಿ. ಆಶಾ ಸೆಪ್ಟೆಂಬರ್ 19ರಂದು ತೀರ್ಪಿತ್ತರು, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಹೇಳಿದರು. ಆಕೆ ಪ್ರಾಯಕ್ಕೆ ಬಂದವಳು, ನಮ್ಮ ಒಂಬತ್ತನೆಯ ತರಗತಿಯವಳಲ್ಲ. ಆದರೆ ಹದಿನೇಳು ವರ್ಷ ಹನ್ನೊಂದು ತಿಂಗಳವರೆಗೆ ಪ್ರತಿ ಸಂದೇಶವನ್ನೂ ಓದಿ, ಮರು ತಿಂಗಳು ಪೂರ್ತಿ ಕೈಬಿಡುವುದು ಹೇಗೆ? ಕೈಬಿಡುವ ಅಭ್ಯಾಸ ನಮಗೂ ಮೊದಲೇ ಆಗಬೇಡವೇ?

ಕೆಲವು ಸಲ ನೋಡಲೇಬೇಕಾಗುತ್ತದೆ. ಮಗು ಊಟ ಬಿಟ್ಟಿದೆ, ರಾತ್ರಿ ಫೋನು ಬಂದಾಗ ಬೆಚ್ಚುತ್ತದೆ, ಮನೆಯಿಂದ ಹಣ ಕಾಣೆಯಾಗುತ್ತಿದೆ ಎಂದಾದರೆ ಖಾಸಗಿತನದ ಹೆಸರಿನಲ್ಲಿ ಸುಮ್ಮನಿರುವುದು ತಪ್ಪು. ಆಗಲೂ ಮಗುವಿಗೆ ಹೇಳಿ, ಅದರ ಎದುರೇ ನೋಡಿ. ಬೆದರಿಕೆ ಬಂದಿದ್ದರೆ ಯಾವುದನ್ನೂ ಅಳಿಸಬೇಡಿ, ಹಣ ಕಳಿಸಬೇಡಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮಗುವಿನ ನೆರವಿಗೆ 1098 ಉಂಟು. ಫೋಟೋ ಹರಡುವ ಹೆದರಿಕೆ ಇದ್ದರೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ 18ರ ಒಳಗಿನವರಿಗಾಗಿಯೇ ಇದೆ. ಅದಕ್ಕೆ ಫೋಟೋ ಕಳಿಸಬೇಕಾಗಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರಕ್ಕೆ ಅಂಕಿ ಅಕ್ಷರಗಳ ಒಂದು ಗುರುತು ತಯಾರಾಗುತ್ತದೆ, ಆ ಗುರುತಿನಿಂದ ಸೇವೆಗೆ ಸೇರಿದ ಕಂಪನಿಗಳು ಚಿತ್ರವನ್ನು ಪತ್ತೆಹಚ್ಚಿ ತೆಗೆಯುತ್ತವೆ. ಪೊಲೀಸಿಗೆ ಹೋದರೆ ಮಗಳ ಹೆಸರು ಹೊರಬೀಳುತ್ತದೆ ಎಂದು ಹಿಂಜರಿಯುವವರಿಗೆ: ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಮಾಧ್ಯಮಗಳು ಮಗುವಿನ ಗುರುತು ಹೊರಗೆಡಹುವುದನ್ನು ತಡೆಯುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಮೇಲೆ ತಿಳಿಸುವುದು 19ನೆಯ ಸೆಕ್ಷನ್ ಪ್ರಕಾರ ಕಡ್ಡಾಯ. ನನಗೂ ಕಡ್ಡಾಯ, ನಿಮಗೂ ಕಡ್ಡಾಯ.

ದೊಡ್ಡವರು ಫೋನು ಕಲಿಯದೆ ಇದ್ಯಾವುದೂ ನಡೆಯುವುದಿಲ್ಲ. 2022ರಲ್ಲಿ ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಕೈಟ್ ಸಂಸ್ಥೆ, ಹೈಸ್ಕೂಲು ಮಕ್ಕಳ ಐಟಿ ಕ್ಲಬ್ಬುಗಳಾದ ಲಿಟಲ್ ಕೈಟ್ಸ್ ಘಟಕಗಳ ಮೂಲಕ ತಾಯಂದಿರಿಗೆ ಸೈಬರ್ ಸುರಕ್ಷೆಯ ತರಗತಿ ನಡೆಸಿತು, ಕಲಿಸಿದವರಲ್ಲಿ ಮಕ್ಕಳೂ ಇದ್ದರು. ಒಳ್ಳೆಯ ಯೋಚನೆ. ಗಡಿನಾಡಿನಲ್ಲಿ ಅದು ಪ್ರತಿ ವರ್ಷ, ಕನ್ನಡದಲ್ಲಿ, ಓದಲು ಸಿಗುವ ಕನ್ನಡ ಹಾಳೆಯೊಂದಿಗೆ ನಡೆಯಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಭೂಮಿಯ ದಾಖಲೆಗೆ, ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಕೇಳಿ ಹೋರಾಡಿದ್ದೇವೆ. ಮಗಳ ಫೋನಿನ ಮೇಲೆ ಒಪ್ಪಿಗೆ ಕೇಳುವ ಪತ್ರವನ್ನು ನನ್ನ ಭಾಷೆಯಲ್ಲಿ ಓದುವ ಹಕ್ಕು ಅದಕ್ಕಿಂತ ಸಣ್ಣದೇನಲ್ಲ.

ಆ ಅಪ್ಪನಿಗೆ ಅಂದು ನಾನು ಹೇಳಿದ್ದು ಇಷ್ಟೇ: ಮಗಳಲ್ಲೇ ಕೇಳಿ, ಅವಳೇ ಹೇಳಿಕೊಡಲಿ. ಮುಖ ಸಣ್ಣದು ಮಾಡಿಕೊಂಡು ಹೋದರು. ಓಣಂ ಪರೀಕ್ಷೆಯ ಪೇಪರು ಕೊಡುವ ದಿನ ಮತ್ತೆ ಸಿಕ್ಕಿದರು. ಈಗ ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಫೋನುಗಳೂ ಚಾವಡಿಯಲ್ಲಿ ಚಾರ್ಜಿಗೆ, ತಮ್ಮದೂ ಸೇರಿ. ಫ್ಯಾಮಿಲಿ ಲಿಂಕ್ ಹಾಕಿಕೊಟ್ಟದ್ದು ಮಗಳೇ, ಅದರಲ್ಲಿ ಏನು ಕಾಣುತ್ತದೆ ಎಂದು ತುಳುವಿನಲ್ಲಿ ವಿವರಿಸಿದಳಂತೆ. ತನ್ನ ಫೋನಿನ ಪಿನ್ನನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ. "ಏನಾದರೂ ಆದರೆ ತೆಗೀಬಹುದು ಅಂತ ಹೇಳಿದ್ದಾಳೆ. ತೆಗೆದರೆ ಅವಳಿಗೆ ಗೊತ್ತಾಗ್ತದೆ" ಎಂದರು. ಹೊರಡುವಾಗ ಬಾಗಿಲಿನಲ್ಲಿ ನಿಂತು ಇನ್ನೊಂದು ಕೇಳಿದರು: "ಅಲ್ಲ ಟೀಚರೇ, ಆ 1930 ಅಂತ ನಂಬರ್ ಉಂಟಂತಲ್ಲ. ನಾನು ಫೋನ್ ಮಾಡಿದ್ರೆ ಅವರು ಕನ್ನಡದಲ್ಲಿ ಮಾತಾಡ್ತಾರಾ?"

ಆ ಪ್ರಶ್ನೆ ಮುಂದಿನ ಪಿಟಿಎ ಸಭೆಯ ಪಟ್ಟಿಯಲ್ಲಿ ಮೊದಲನೆಯದು. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯನ್ನು ಕನ್ನಡದಲ್ಲಿ ಬರೆದಾಗಿದೆ, ಪೋಷಕರ ಸಹಿ ಬೀಳಲು ಬಾಕಿ.